ಬೆಂಚಿನ ಆಚೆ

ಸೋಮವಾರ, ಸಂಜೆ
ನನ್ನ ಕೋಣೆಯಿಂದ

ನಮ್ಮ ಮನೆಯವರಿಗೆ,

ಹೀಗೆ ಬರೆದು ಒಂದು ಗಳಿಗೆ ಪೆನ್ನು ಕೆಳಗಿಟ್ಟೆ. ಮನೆ ಈಗ ಎರಡಾಗಿದೆ, ಆದರೂ ನಿಮ್ಮನ್ನು ಬೇರೆ ಏನೆಂದು ಕರೆಯಲಿ? ಯಜಮಾನರೇ ಅಂತ ಬರೆಯುವ ಮನಸ್ಸಿಲ್ಲ. ಹೆಸರು ಹಿಡಿದು ಬರೆದರೆ ನೀವು ಕಾಗದವನ್ನು ಅಲ್ಲಿಗೇ ಮಡಿಸಿಡುತ್ತೀರಿ. ಈ ಸಲ ನೀವು ಕೊನೆಯವರೆಗೂ ಓದಬೇಕು, ಅದಕ್ಕೆ ಹಳೆಯ ಹೆಸರೇ ಇರಲಿ ಅಂದುಕೊಂಡೆ.

ನಿಮ್ಮ ಕಾಗದ ಬಂತು. ಅಕ್ಷರ ಎಂದಿನಂತೆ ಅಚ್ಚು ಹಾಕಿದ ಹಾಗಿದೆ. ಆದದ್ದು ಆಯಿತು, ಬಂದುಬಿಡು, ಯಾರೂ ಏನೂ ಕೇಳುವುದಿಲ್ಲ, ಅಡುಗೆಮನೆ ನೀನು ಬಿಟ್ಟುಹೋದ ಹಾಗೇ ಇದೆ ಅಂತ ಬರೆದಿದ್ದೀರಿ. ಅಡುಗೆಮನೆ ಹಾಗೇ ಇದೆ ಅಂದರೆ ಇಷ್ಟು ತಿಂಗಳು ನೀವು ಅದರೊಳಗೆ ಕಾಲಿಟ್ಟಿಲ್ಲ ಅಂತ ಅರ್ಥ, ಇರಲಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಒಂದು ವಾರ ಒದ್ದಾಡಿ, ಅತ್ತು, ಪೆಟ್ಟಿಗೆ ಕಟ್ಟಿಕೊಂಡು ಬಂದೂಬಿಡುತ್ತಿದ್ದೆನೋ ಏನೋ. ಆದರೆ ನಿಮಗೆ ಎಲ್ಲಿ ನಿಲ್ಲಿಸಬೇಕು ಅಂತ ಯಾವತ್ತು ಗೊತ್ತಿತ್ತು? ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೀರಿ. ನಿನ್ನಂಥವಳು ಒಬ್ಬಳೇ ಬದುಕುವುದೆಂದರೆ ಆ ಕೊಳ್ಳದ ಅಂಚಿನ ದಾರಿಯಲ್ಲಿ ನಡೆದ ಹಾಗೆ, ಅದು ನಿನ್ನ ಕೈಲಾಗುವ ಕೆಲಸವಲ್ಲ ಅಂತ.

ನಿನ್ನೆ ಭಾನುವಾರ ನಾನು ಆ ಕೊಳ್ಳದ ಅಂಚಿನ ದಾರಿಯಲ್ಲಿ ನಡೆದೆ. ಈ ತುದಿಯಿಂದ ಆ ತುದಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬಂದೆ. ಒಬ್ಬಳೇ. ತಲೆ ತಿರುಗಲಿಲ್ಲ.

ಈಗ ನೀವು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಿರುತ್ತೀರಿ. ಹೌದು, ಸರಿಯಾಗಿಯೇ ಓದಿದ್ದೀರಿ.

ನನ್ನ ತಲೆ ತಿರುಗುವ ಕಥೆ ಎಲ್ಲಿಂದ ಶುರುವಾಯಿತು ಅಂತ ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ಚೆನ್ನಾಗಿ ನೆನಪಿದೆ. ಮದುವೆಯಾದ ಹೊಸತು, ಮಗಳು ಹೊಟ್ಟೆಯಲ್ಲಿದ್ದಳು, ಇನ್ನೂ ಯಾರಿಗೂ ಹೇಳಿರಲಿಲ್ಲ. ವಸ್ತುಪ್ರದರ್ಶನಕ್ಕೆ ಹೋಗಿ ದೊಡ್ಡ ಚಕ್ರದ ಉಯ್ಯಾಲೆ ಹತ್ತಿದೆವು. ಇಳಿದ ಮೇಲೆ ನಾನು ಮೂಲೆಗೆ ಹೋಗಿ ವಾಂತಿ ಮಾಡಿಕೊಂಡೆ. ಬಸುರಿ ಹೆಂಗಸು ವಾಂತಿ ಮಾಡಿಕೊಂಡರೆ ಅದು ಸುದ್ದಿಯೇ? ಆದರೆ ನೀವು ಮನೆಗೆ ಬಂದವರೇ ನಿಮ್ಮ ಅಮ್ಮನಿಗೆ, ಅಕ್ಕನಿಗೆ, ಪಕ್ಕದ ಮನೆಯವರಿಗೆ, ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಇವಳಿಗೆ ಎತ್ತರ ಆಗಲ್ಲ, ತಲೆ ತಿರುಗುತ್ತೆ. ಅಲ್ಲಿಂದ ಅದು ನನ್ನ ಹಣೆಬರಹವೇ ಆಗಿಹೋಯಿತು. ಮೇಲಿನ ಮಹಡಿಯಲ್ಲಿ ಗಾಳಿ ಬೆಳಕಿನ ಒಳ್ಳೆಯ ಮನೆ ಸಿಕ್ಕಾಗ ಬೇಡವೆಂದಿರಿ, ನನಗೆ ತಲೆ ತಿರುಗುತ್ತದೆ. ಸಿನಿಮಾದಲ್ಲಿ ಬಾಲ್ಕನಿ ಟಿಕೆಟ್ ಬೇಡ, ನನಗೆ ತಲೆ ತಿರುಗುತ್ತದೆ. ಕಾರು ಕಲಿಯುತ್ತೇನೆ ಅಂದರೆ ನಕ್ಕಿರಿ. ಬಲ್ಬು ಹೋದರೆ ನಾನು ಸ್ಟೂಲು ಹತ್ತುವ ಹಾಗಿಲ್ಲ, ಪಕ್ಕದ ಮನೆಯವರು ಬಂದು ಹಾಕಿಕೊಡುವವರೆಗೆ ಕತ್ತಲಲ್ಲೇ ಊಟ.

ನಾನೂ ನಂಬಿದೆ. ಸುಳ್ಳು ಯಾಕೆ ಹೇಳಲಿ, ಪ್ರೀತಿಯಿಂದ ಹೇಳುತ್ತಿದ್ದಾರೆ ಅಂತಲೇ ತಿಳಿದಿದ್ದೆ. ಆ ಪ್ರೀತಿ ನನಗೆ ಹಿತವಾಗಿಯೂ ಇತ್ತು.

ಆಮೇಲೆ ಆ ಫೋನು ಬಂತು. ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು. ಅಮ್ಮ ಬಂದು ಎರಡು ತಿಂಗಳು ಇರಲಿ ಅಂತ ಅವಳು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟಿದ್ದು ನೀವು. ನಾನು ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದೆ. ನಿಮ್ಮ ಊರಿನ ದಾರಿ ಬರೀ ತಿರುವು ಕಣಮ್ಮ, ಅಮ್ಮನಿಗೆ ಆಗಲ್ಲ, ತಲೆ ತಿರುಗುತ್ತೆ, ಒಬ್ಬ ಆಯಾನ ಇಟ್ಟುಕೋ ಅಂದಿರಿ. ಫೋನು ಇಟ್ಟು ಬಂದು, ಟೀ ಆಯ್ತಾ ಅಂತ ಕೇಳಿದಿರಿ. ಯಾರ ಫೋನು ಅಂತ ಕೂಡ ನನಗೆ ಹೇಳಲಿಲ್ಲ.

ಆ ಟೀ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಮಾರನೆಯ ದಿನ ಬಸ್ಸು ಹತ್ತಿದ್ದು ನೆನಪಿದೆ. ಕಿಟಕಿಯ ಪಕ್ಕ ಕೂತು ಒಂದೊಂದು ತಿರುವನ್ನೂ ಕಣ್ಣು ಬಿಟ್ಟುಕೊಂಡು ನೋಡಿದೆ. ನನ್ನ ಹಿಂದಿನ ಸೀಟಿನಲ್ಲಿದ್ದ ದಪ್ಪ ಮೀಸೆಯವರು ಮೂರು ಸಲ ವಾಂತಿ ಮಾಡಿಕೊಂಡರು, ನಾನೇ ನಿಂಬೆಹಣ್ಣು ಕೊಟ್ಟೆ. ಮೊಮ್ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡ ಕೈ ನನ್ನದು. ವಾಪಸು ಬಂದಾಗ ಬಸ್ ನಿಲ್ದಾಣದಲ್ಲಿ ಇಳಿದೆ, ನಮ್ಮ ಬೀದಿಯ ಕಡೆಗೆ ಕಾಲು ಹೋಗಲಿಲ್ಲ. ಅದಕ್ಕೆ ನಾನು ಪಶ್ಚಾತ್ತಾಪ ಪಟ್ಟಿಲ್ಲ, ಪಡುವವಳೂ ಅಲ್ಲ.

ನಾನು ಎಲ್ಲಿದ್ದೇನೆ, ಹೇಗಿದ್ದೇನೆ ಅಂತ ಕೇಳಿದ್ದೀರಿ. ಚಪ್ಪಲಿ ರಿಪೇರಿ ಅಂಗಡಿಯ ಮೇಲೆ, ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ. ಕೋಣೆಗೊಂದು ಚಿಕ್ಕ ಬಾಲ್ಕನಿ ಇದೆ, ಅದರ ಕಂಬಿಗೆ ಬಟ್ಟೆ ಒಣಗಿಸುತ್ತೇನೆ, ಅಲ್ಲೇ ನಿಂತು ಕಾಫಿ ಕುಡಿಯುತ್ತೇನೆ, ಕೆಳಗೆ ಹೋಗುವವರ ನೆತ್ತಿ ನೋಡುತ್ತೇನೆ. ಎಷ್ಟು ಜನಕ್ಕೆ ನೆತ್ತಿ ಬೋಳಾಗಿದೆ ಅಂತ ಮೇಲೆ ನಿಂತರೇ ಗೊತ್ತಾಗುವುದು. ಹೋಟೆಲೊಂದರ ಲಾಂಡ್ರಿಯಲ್ಲಿ ಹರಿದದ್ದನ್ನು ಹೊಲಿಯುವ ಕೆಲಸ. ಹಾಸಿಗೆಯ ಚಾದರ, ಪರದೆ, ಬೇರರ್‌ಗಳ ಕೋಟಿನ ಗುಂಡಿ. ಹಬೆಗೆ ಕನ್ನಡಕ ಮಂಜಾಗುತ್ತದೆ, ಅದೊಂದೇ ತೊಂದರೆ. ನನ್ನ ಮೇಜಿನ ಎದುರಿಗೆ ಇಸ್ತ್ರಿ ಮಾಡುವ ಅಕ್ಕ ಇದ್ದಾರೆ. ನನಗಿಂತ ಎರಡು ವರ್ಷ ಚಿಕ್ಕವರು, ಆದರೂ ಎಲ್ಲರೂ ಅಕ್ಕ ಅನ್ನುವುದರಿಂದ ನಾನೂ ಅಕ್ಕ ಅನ್ನುತ್ತೇನೆ. ನಿಮ್ಮ ಕಾಗದದ ಆ ಸಾಲನ್ನು ಅವರಿಗೆ ಓದಿ ಹೇಳಿದೆ. ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಆ ದಾರಿಯಲ್ಲಿ ಹೋಗಿ ನೋಡಿದ್ದೀಯಾ ಅಂತ ಕೇಳಿದರು. ಇಲ್ಲ, ಕಾರು ನಿಲ್ಲಿಸುವ ಜಾಗದವರೆಗೆ ಮಾತ್ರ ಹೋಗಿದ್ದೇನೆ ಅಂದೆ. ಎಷ್ಟು ಸಲ ಅಂದರು. ಲೆಕ್ಕವಿಲ್ಲ ಅಂದೆ. ಅವರು, ಲೆಕ್ಕವಿಲ್ಲದಷ್ಟು ಸಲ ಬಾಗಿಲವರೆಗೆ ಹೋಗಿ ಒಳಗೆ ಇಣುಕಲಿಲ್ಲವಲ್ಲ ಮಾರಾಯ್ತಿ ಅಂತ ಹೇಳಿ ಮತ್ತೆ ಇಸ್ತ್ರಿ ಹಿಡಿದರು. ಶನಿವಾರ ತಮ್ಮ ಬೂಟು ತಂದುಕೊಟ್ಟರು. ನನ್ನ ಕಾಲಿಗೆ ದೊಡ್ಡದು, ಎರಡು ಜೊತೆ ಕಾಲುಚೀಲ ಹಾಕಿಕೊಂಡೆ.

ಆ ಕಾರು ನಿಲ್ಲಿಸುವ ಜಾಗ ಸ್ವಲ್ಪವೂ ಬದಲಾಗಿಲ್ಲ. ನಾವು ಕಾರು ನಿಲ್ಲಿಸುತ್ತಿದ್ದ ಒಂಟಿ ಮರ ಹಾಗೇ ಇದೆ. ಅದರ ಬುಡದ ಕಲ್ಲು ಕಂಡು ನನಗೆ ನಗು ಬಂತು. ಎಷ್ಟು ಭಾನುವಾರ ಅದರ ಮೇಲೆ ಕೂತಿದ್ದೇನೆ. ನಿಮ್ಮ ನಕ್ಷೆ ಆಫೀಸಿನವರೆಲ್ಲ ಟೋಪಿ, ಕೋಲು ಹಿಡಿದು ಕಾಡಿನೊಳಗೆ ಹೋಗುತ್ತಿದ್ದರು. ನೀವು ಎಲ್ಲರಿಗಿಂತ ಕೊನೆಯಲ್ಲಿ, ಹಳದಿ ಬಣ್ಣದ ಡಬ್ಬಿ, ಬ್ರಷ್ ಹಿಡಿದು. ಮರಗಳ ಮೇಲಿನ ಗುರುತು ಮಾಸಿದ್ದರೆ ಮತ್ತೆ ಬಳಿಯುವುದು ನನ್ನ ಜವಾಬ್ದಾರಿ, ಅದಕ್ಕೆ ಹಿಂದೆ ಉಳಿಯುತ್ತೇನೆ ಅನ್ನುತ್ತಿದ್ದಿರಿ. ನಾನು ಎಲ್ಲರ ಚೀಲ, ಫ್ಲಾಸ್ಕು ಕಾದುಕೊಂಡು ಬಿಸಿಲಲ್ಲಿ ಸ್ವೆಟರ್ ಹೆಣೆಯುತ್ತಿದ್ದೆ. ವಾಪಸು ಬಂದಾಗ ನಿಮ್ಮ ಬೂಟಿನಲ್ಲಿ ಕೆಸರು, ತಲೆಯಲ್ಲಿ ಒಣಗಿದ ಎಲೆ. ರಾತ್ರಿ ಊಟಕ್ಕೆ ಕೂತರೆ ಕಥೆ ಶುರು. ಒಂದು ಕಡೆ ದಾರಿಯೇ ಇಲ್ಲವಂತೆ, ಒಂದೇ ಪಾದ ಹಿಡಿಸುವಷ್ಟು ಬಂಡೆಯ ಅಂಚು, ಒಂದು ಕೈಯಲ್ಲಿ ಬೇರು ಹಿಡಿದು ದಾಟಬೇಕಂತೆ, ಕೆಳಗೆ ನೋಡಿದರೆ ಹದ್ದಿನ ಬೆನ್ನು ಕಾಣುತ್ತದಂತೆ. ಒಂಟಿ ಪಾದದ ಜಾಗ ಅಂತ ಅದಕ್ಕೆ ನೀವೇ ಹೆಸರಿಟ್ಟಿದ್ದಿರಿ. ಮಗಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ನಾನು ನಿಮ್ಮ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದೆ, ಸತ್ತು ಬದುಕಿ ಬಂದಿದ್ದಾರೆ ಪಾಪ ಅಂತ.

ಒಂದು ಸಲ, ನಿಮಗೆ ಮರೆತಿರಬಹುದು, ವಾಪಸು ಬಂದವರೇ ಕೇಳಿದ್ದಿರಿ, ಆ ಕೆಂಪು ಕೊಡೆಯ ಹೆಂಗಸು ಯಾರು, ಅಷ್ಟು ಹೊತ್ತು ಏನು ಮಾತು ಅಂತ. ದಾರಿ ತಪ್ಪಿ ಬಂದವರು, ವಿಳಾಸ ಕೇಳಿದರು ಅಂದೆ. ಕಾಡಿನಾಚೆ ಕೊಳ್ಳದ ಅಂಚಿನಲ್ಲಿ ಬೇರು ಹಿಡಿದು ನೇತಾಡುತ್ತಿದ್ದವರಿಗೆ ಕೆಂಪು ಕೊಡೆ ಹೇಗೆ ಕಂಡಿತು ಅಂತ ಕೇಳಬೇಕು ಅಂತ ನನಗೆ ಆಗ ಹೊಳೆಯಲೇ ಇಲ್ಲ.

ದಾರಿಯ ಬಾಯಲ್ಲಿ ಈಗ ಒಂದು ಚಿಕ್ಕ ಕಾವಲು ಮನೆ ಇದೆ. ಅದರಲ್ಲಿ ಗಾರ್ಡ್ ಕೆಲಸಕ್ಕೆ ಒಬ್ಬ ಹುಡುಗಿ, ನಮ್ಮ ಮಗಳಿಗಿಂತ ಚಿಕ್ಕವಳು. ಒಬ್ಬರೇನಾ ಆಂಟಿ ಅಂತ ಕೇಳಿದಳು. ಒಬ್ಬಳೇ ಅಂದೆ. ನೀರಿದೆಯಾ, ನೆರಳು ಪೂರ್ತಿ ಇರುತ್ತೆ, ಆದರೆ ಪಾಚಿ ಇದೆ, ನೋಡಿಕೊಂಡು ಕಾಲಿಡಿ, ಬಿಸಿಲು ಇಳಿಯುವುದರೊಳಗೆ ಬಂದುಬಿಡಿ ಅಂದಳು. ಅಷ್ಟೇ. ನನ್ನ ವಯಸ್ಸು ಕೇಳಲಿಲ್ಲ, ತಲೆ ತಿರುಗುತ್ತದೆಯೇ ಅಂತ ಕೇಳಲಿಲ್ಲ. ಅವಳ ಬೆನ್ನ ಹಿಂದೆ ನೀವು ಬರೆದ ದೊಡ್ಡ ನಕ್ಷೆಯ ಹಲಗೆ. ಬಣ್ಣ ಮಾಸಿದೆ, ಆದರೂ ಅಕ್ಷರ ನಿಮ್ಮವೇ, ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ನಿಮ್ಮ ಬಾಣ, ಬಾಲದಲ್ಲಿ ಆ ಚಿಕ್ಕ ಸುಳಿ. ಬೇರೆ ಯಾರ ನಕ್ಷೆಯಲ್ಲೂ ಬಾಣಕ್ಕೆ ಸುಳಿ ಇರುವುದಿಲ್ಲ. ಮಗಳ ಹುಟ್ಟುಹಬ್ಬದ ಕಾರ್ಡಿನಲ್ಲೂ ಹಾಕುತ್ತಿದ್ದಿರಲ್ಲ, ಅದೇ. ನಿಮ್ಮ ಮೇಲೆ ಎಷ್ಟು ಸಿಟ್ಟಿದ್ದರೂ ನನ್ನ ಬಾಯಿ ಸುಮ್ಮನಿರಲಿಲ್ಲ, ಇದು ನಮ್ಮನೆಯವರು ಬರೆದಿದ್ದು ಅಂತ ಹೇಳಿಬಿಟ್ಟೆ. ಆ ಹುಡುಗಿ ಏನೋ ಹೇಳಲು ಹೋಗಿ ಸುಮ್ಮನಾದಳು. ಯಾಕೆ ಅಂತ ಆಮೇಲೆ ತಿಳಿಯಿತು.

ನಕ್ಷೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೊರಟೆ.

ಒಳಗೆ ಕಾಲಿಟ್ಟ ಕೂಡಲೇ ಎಷ್ಟು ತಂಪು. ಹೊರಗಿನ ಬಿಸಿಲು ಬಾಗಿಲು ಹಾಕಿದ ಹಾಗೆ ಹಿಂದೆ ಉಳಿಯಿತು. ಮೇಲೆ ಎಲೆ ಎಷ್ಟು ದಟ್ಟ ಅಂದರೆ ಬೆಳಕು ಹಸಿರಾಗಿ ಇಳಿಯುತ್ತದೆ, ನನ್ನ ಕೈ ಕೂಡ ಹಸಿರಾಗಿ ಕಂಡಿತು. ನೆಲದ ಮೇಲೆ ಎಲೆಯ ಮೆತ್ತೆ, ಹೆಜ್ಜೆ ಇಟ್ಟರೆ ಸದ್ದೇ ಇಲ್ಲ. ಬಲಗಡೆ ಮರಗಳ ಸಂದಿಯಲ್ಲಿ ಆಗಾಗ ಬರೀ ಬೆಳಕು ಕಾಣುತ್ತಿತ್ತು, ಅಲ್ಲಿ ಕೊಳ್ಳ ಇದೆ ಅಂತ ಗೊತ್ತಾಗುತ್ತಿತ್ತು, ಕೆಳಗಿನಿಂದ ನೀರಿನ ಸದ್ದು. ಮೊದಮೊದಲು ನಾನು ಎಡಗಡೆಯ ಮರಗಳನ್ನು ಒಂದೊಂದಾಗಿ ಮುಟ್ಟಿಕೊಂಡು ನಡೆದೆ. ಸ್ವಲ್ಪ ಹೊತ್ತಿಗೆ ಮುಟ್ಟುವುದು ಮರೆತುಹೋಯಿತು.

ನಿಮ್ಮ ನಕ್ಷೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಜೋಡಿ ಬಂಡೆ ಅಂತ ಹಾಕಿದ ಕಡೆ ಜೋಡಿ ಬಂಡೆ. ಬಿದ್ದ ಮರ ಅಂತ ಹಾಕಿದ ಕಡೆ ಬಿದ್ದ ಮರ, ಪಾಪ ಅದು ಈಗ ಅರ್ಧ ಮಣ್ಣಾಗಿದೆ. ಮರಗಳ ಮೇಲೆ ನಿಮ್ಮ ಹಳದಿ ಗುರುತು, ಪದರದ ಮೇಲೆ ಪದರ, ಉಗುರಲ್ಲಿ ಕೆರೆದರೆ ದಪ್ಪಗೆ ಏಳುತ್ತದೆ. ಮೂರನೇ ತಿರುವಿನಲ್ಲಿ ಬೆಂಚು ಅಂತ ಬರೆದಿತ್ತು, ಬೆಂಚು ಬಂತು. ಕೂತು ನೀರು ಕುಡಿದೆ. ಕೈ ಇಡುವ ಹಲಗೆ ಬೆರಳಿಗೆ ಒರಟಾಗಿ ತಗುಲಿತು. ಬಗ್ಗಿ ನೋಡಿದರೆ ಉತ್ತರದ ಬಾಣ. ಬಾಲದಲ್ಲಿ ಸುಳಿ. ಚಾಕುವಿನಿಂದ ನೀಟಾಗಿ ಕೆತ್ತಿದ್ದು. ಒಂದಲ್ಲ, ಹಲಗೆಯ ತುಂಬ, ಒಂದರ ಪಕ್ಕ ಒಂದು, ಹಳೆಯವು ಕಪ್ಪಾಗಿ, ಹೊಸವು ಇನ್ನೂ ಚೂಪಾಗಿ. ಎಣಿಸಲಿಲ್ಲ. ಪ್ರತಿ ಸಲ ಬಂದಾಗಲೂ ಒಂದು ಕೆತ್ತಿದ್ದಾರೆ ನೋಡು, ದಣಿದು ಇಲ್ಲಿ ಕೂತಿದ್ದಾರೆ, ಆಮೇಲೆ ಎದ್ದು ಆ ಭಯಂಕರ ಜಾಗಕ್ಕೆ ಹೋಗಿದ್ದಾರೆ ಅಂದುಕೊಂಡೆ. ನನ್ನ ಕಣ್ಣು ಒದ್ದೆಯಾಯಿತು. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡದ್ದು ತಪ್ಪೇನೋ ಅಂತ ಕೂಡ ಅನ್ನಿಸಿತು.

ನಿಮ್ಮ ನಕ್ಷೆಯಲ್ಲಿ ಬೆಂಚಿನ ಮುಂದಿನ ತಿರುವಿನಲ್ಲೇ ಕೆಂಪು ಬಣ್ಣದಲ್ಲಿ ಅಪಾಯ ಅಂತ ಇದೆ. ಒಂಟಿ ಪಾದದ ಜಾಗ. ಬೂಟಿನ ದಾರ ಬಿಗಿದು ಕಟ್ಟಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಹಿಡಿಯಲು ಬೇರು ಯಾವ ಕಡೆ ಇರಬಹುದು, ಎಡಗಾಲು ಮೊದಲೋ ಬಲಗಾಲು ಮೊದಲೋ ಅಂತೆಲ್ಲ ಲೆಕ್ಕ ಹಾಕುತ್ತಾ ತಿರುವು ದಾಟಿದೆ.

ಏನಿತ್ತು ಹೇಳಲಾ? ಒಂದು ತಳ್ಳುಗಾಡಿ ಆರಾಮಾಗಿ ಹೋಗುವಷ್ಟು ಅಗಲದ ದಾರಿ. ಕೊಳ್ಳದ ಕಡೆಗೆ ಎದೆಮಟ್ಟದ ಕಲ್ಲಿನ ಗೋಡೆ, ನಮ್ಮ ಅಜ್ಜಿಯ ಕಾಲದ್ದು ಇರಬೇಕು, ಅಷ್ಟು ಹಳೆಯದು. ಎದುರಿನಿಂದ ಒಬ್ಬ ತಾಯಿ ಸೊಂಟದ ಮೇಲೆ ಮಗು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ತಿನ್ನುತ್ತಾ ಬರುತ್ತಿದ್ದಳು. ಒಂಟಿ ಪಾದದ ಜಾಗ ಇನ್ನೂ ಎಷ್ಟು ದೂರ ಅಂತ ಅವಳನ್ನು ಕೇಳಿದೆ. ಅಂಥದ್ದು ಇಲ್ಲಿ ಯಾವುದೂ ಇಲ್ಲವಲ್ಲ ಅಮ್ಮ, ತುದಿಯವರೆಗೂ ಹೀಗೇ ಇದೆ ಅಂದಳು. ಮಗು ನನ್ನನ್ನು ನೋಡಿ ನಕ್ಕಿತು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಡಿಸಿಕೊಳ್ಳಲೂ ನನಗೆ ನಾಚಿಕೆಯಾಯಿತು.

ಮುಂದೆ ಹೋದ ಹಾಗೆಲ್ಲ ನಕ್ಷೆ ಕೈಕೊಟ್ಟಿತು. ತೊರೆ ದಾಟಿದ ಮೇಲೆ ನೋಟದ ಬಂಡೆ ಅಂತ ಬರೆದಿದ್ದೀರಿ, ಬಂಡೆ ತೊರೆಗಿಂತ ಮೊದಲೇ ಬಂತು. ಸೇತುವೆ ಅಂತ ಹಾಕಿದ್ದೀರಿ, ಸೇತುವೆ ಇಲ್ಲ, ಕಲ್ಲಿನಿಂದ ಕಲ್ಲಿಗೆ ದಾಟಬೇಕು. ಎಡಕ್ಕೆ ಅಂದ ಕಡೆ ಬಲಕ್ಕೆ. ಮರಗಳ ಮೇಲೆ ಒಂದಾದರೂ ಹಳದಿ ಗುರುತು ಇದೆಯಾ ಅಂತ ಸುತ್ತಿ ಸುತ್ತಿ ಹುಡುಕಿದೆ, ಇಲ್ಲ. ಬೆಂಚಿನವರೆಗೆ ಒಂದು ಕಲ್ಲೂ ತಪ್ಪದ ಮನುಷ್ಯ ಬೆಂಚಿನ ಆಚೆ ಒಂದನ್ನೂ ಸರಿಯಾಗಿ ಹಾಕಿಲ್ಲ. ಆಫೀಸಿನವರ ಮಾತು ಕೇಳಿ, ಅವರ ಬಾಯಿಂದ ಬಂದದ್ದನ್ನು ಅರ್ಧಂಬರ್ಧ ಇಳಿಸಿ, ಮಿಕ್ಕದ್ದನ್ನು ನೀವೇ ಕಟ್ಟಿದ್ದೀರಿ. ಅವರು ಮುಂದೆ ಹೋದ ಮೇಲೆ ಬೆಂಚಿನಲ್ಲಿ ಕೂತು ಚಾಕು ತೆಗೆಯುವುದು, ಅವರು ವಾಪಸು ಬರುವ ಹೊತ್ತಿಗೆ ಬ್ರಷ್ ಹಿಡಿದು ನಿಲ್ಲುವುದು, ಗುಂಪಿನಲ್ಲಿ ಸೇರಿಕೊಂಡು ಹೊರಗೆ ಬರುವುದು. ತಲೆಯ ಮೇಲೆ ಎಲೆ ಕೂಡ ನೀವೇ ಉದುರಿಸಿಕೊಳ್ಳುತ್ತಿದ್ದಿರಾ, ಅಥವಾ ಅದು ಮರ ಮಾಡಿದ ಉಪಕಾರವೋ?

ನನಗೆ ಬಂದ ಕೋಪ ಎಷ್ಟಿತ್ತೆಂದರೆ ಮಿಕ್ಕ ದಾರಿಯನ್ನು ಅದೇ ನಡೆಸಿತು. ನೋಟದ ಬಂಡೆಯ ಮೇಲೆ ಹತ್ತಿ ನಿಂತೆ. ಕೊಳ್ಳ ಪೂರ್ತಿ ಕಾಣುತ್ತದೆ ಅಲ್ಲಿಂದ. ಆಚೆ ದಡದ ಕೆಂಪು ಗೋಡೆ, ಅದರ ಮೇಲೆ ಗೆರೆ ಗೆರೆ, ಕೆಳಗೆ ನೀರು ಒಂದು ಎಳೆಯಷ್ಟೇ. ಹದ್ದಿನ ಬೆನ್ನು ಕಾಣುವುದು ಮಾತ್ರ ನಿಜ, ಅದನ್ನು ಯಾರೋ ನಿಮಗೆ ಸರಿಯಾಗಿ ಹೇಳಿದ್ದಾರೆ. ಇಷ್ಟು ಚೆಂದದ್ದನ್ನು ನೀವು ನನ್ನಿಂದ ಇಷ್ಟು ವರ್ಷ ಬಚ್ಚಿಟ್ಟಿರಲ್ಲ ಅಂತ ಬೈದುಕೊಂಡೆ, ಜೋರಾಗಿಯೇ. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದವರು ಸ್ವಲ್ಪ ದೂರ ಸರಿದರು. ತುದಿಯವರೆಗೆ ಹೋದೆ, ಬ್ರೆಡ್ಡು ಮೊಟ್ಟೆ ತಿಂದೆ, ವಾಪಸು ಹೊರಟೆ.

ಬರುವಾಗ ಮತ್ತೆ ಆ ಬೆಂಚಿನಲ್ಲಿ ಕೂತೆ. ಆ ಬಾಣಗಳನ್ನೆಲ್ಲ ಕಲ್ಲಿನಿಂದ ಉಜ್ಜಿ ಹಾಕಬೇಕು ಅಂತಲೇ ಕೂತದ್ದು. ಕಲ್ಲು ಹುಡುಕಲು ಬಗ್ಗಿದಾಗ ಎದುರಿಗೆ ಎಲೆಗಳ ನಡುವೆ ಒಂದು ಕಿಂಡಿ ಕಂಡಿತು. ಹೋಗುವಾಗ ನಾನು ನೋಡಿರಲಿಲ್ಲ. ದಾರಿ ಸುತ್ತಿ ಬಳಸಿ ಮೇಲೇರುವುದರಿಂದ ಬೆಂಚು ಇರುವುದು ಕಾರು ನಿಲ್ಲಿಸುವ ಜಾಗದ ನೇರ ಮೇಲೆ. ಕಿಂಡಿಯಲ್ಲಿ ಕಾಣುತ್ತಿದ್ದುದು ನಮ್ಮ ಒಂಟಿ ಮರ, ಬುಡದಲ್ಲಿ ಕಲ್ಲು. ಬಿಸಿಲಿನಲ್ಲಿ ಬಿಳಿ ಬಟ್ಟೆಯ ಹಾಗೆ ಸ್ಪಷ್ಟ. ಯಾರೋ ಮುದುಕರು ಅದರ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು, ಸಿಪ್ಪೆ ಎಲ್ಲಿ ಬಿತ್ತು ಅಂತ ಕೂಡ ಕಾಣುತ್ತಿತ್ತು.

ಆಗ ಕೆಂಪು ಕೊಡೆ ನೆನಪಾಯಿತು.

ಅಷ್ಟೂ ವರ್ಷ ನೀವು ನೆರಳಲ್ಲಿ ಕೂತು ಬಿಸಿಲಲ್ಲಿದ್ದ ನನ್ನನ್ನು ನೋಡುತ್ತಿದ್ದಿರಿ. ನನ್ನ ಸ್ವೆಟರಿನ ತೋಳು ಎಷ್ಟು ಉದ್ದವಾಯಿತು ಅಂತ ನಿಮಗೆ ಗೊತ್ತಾಗುತ್ತಿತ್ತು. ನಾನು ತಲೆ ಎತ್ತಿ ಕಾಡಿನ ಕಡೆ ನೋಡಿ, ಇನ್ನೂ ಬರಲಿಲ್ಲವಲ್ಲ, ಆ ಜಾಗ ದಾಟಿದರೋ ಇಲ್ಲವೋ ಅಂತ ಎದೆ ಹಿಡಿದುಕೊಳ್ಳುತ್ತಿದ್ದುದೂ ಕಾಣುತ್ತಿತ್ತು. ಒಂದು ಸಲ ಕೈ ಬೀಸಿ ಕರೆಯಬಹುದಿತ್ತು. ನಾನು ಹತ್ತಿ ಬಂದುಬಿಡುತ್ತಿದ್ದೆ.

ಕಲ್ಲು ಕೈಯಲ್ಲೇ ಉಳಿಯಿತು. ದೊಡ್ಡ ಚಕ್ರದ ಉಯ್ಯಾಲೆ ನೆನಪಿಗೆ ಬಂತು, ಈ ಸಲ ಬೇರೆ ರೀತಿಯಲ್ಲಿ. ಮೇಲೆ ಹೋದಾಗ ನಾನು ಊರಿನ ದೀಪ ನೋಡುತ್ತಿದ್ದೆ. ನನ್ನ ಬೆರಳು ನೋಯುವ ಹಾಗೆ ಹಿಡಿದಿದ್ದವರು ನೀವು. ನಿಮ್ಮ ಅಂಗೈ ಬೆವರಿ ಒದ್ದೆಯಾಗಿತ್ತು, ಕಣ್ಣು ಮುಚ್ಚಿತ್ತು. ಹೊಸ ಹೆಂಡತಿಯ ಮೇಲಿನ ಪ್ರೀತಿ ಅಂತ ನಾನು ತಿಳಿದಿದ್ದೆ. ಮೇಲಿನ ಮಹಡಿಯ ಮನೆ, ಬಾಲ್ಕನಿ, ಸ್ಟೂಲು, ಮಗಳ ಊರಿನ ತಿರುವುಗಳು, ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ರೀ, ತಿರುಗುತ್ತಿದ್ದುದು ನಿಮ್ಮ ತಲೆ. ನನಗೆ ಹೊರಿಸಿದಿರಿ, ನಾನು ಹೊತ್ತುಕೊಂಡೆ.

ಹೆದರಿಕೆ ಇದೆ ಅಂತ ಹೇಳಿದ್ದರೆ ನಾನು ನಗುತ್ತಿದ್ದೆನೇ? ನಕ್ಕಿರುತ್ತಿದ್ದೆ, ಒಂದು ದಿನ. ಆಮೇಲೆ ಕೈ ಹಿಡಿಯುತ್ತಿದ್ದೆ.

ಗಾರ್ಡ್ ಹುಡುಗಿ ನನಗಾಗಿ ಕಾಯುತ್ತಿದ್ದಳು. ಹೇಗಿತ್ತು ಆಂಟಿ ಅಂದಳು. ಹಲಗೆಯ ಅರ್ಧ ತಪ್ಪು ಅಂದೆ. ಅವಳಿಗೆ ಹಗುರವಾಯಿತು ಪಾಪ. ಬೆಳಿಗ್ಗೆಯೇ ಹೇಳೋಣ ಅಂತಿದ್ದೆ, ನಿಮ್ಮವರು ಬರೆದದ್ದು ಅಂದಿರಲ್ಲ, ಮನಸ್ಸು ಬರಲಿಲ್ಲ ಅಂದಳು. ಬಂದವರಲ್ಲಿ ಎಷ್ಟೋ ಜನ ಆ ಅಪಾಯದ ಗುರುತು ನೋಡಿ ಬೆಂಚಿನಿಂದಲೇ ವಾಪಸು ಹೋಗುತ್ತಾರಂತೆ, ಮಕ್ಕಳಿದ್ದವರು, ವಯಸ್ಸಾದವರು. ಹಲಗೆ ತೆಗೆದು ಹೊಸದು ಹಾಕಿಸಬೇಕಂತೆ, ಆದರೆ ಇಷ್ಟು ಚೆಂದವಾಗಿ ಬರೆಯುವವರು ಈಗ ಸಿಗುವುದಿಲ್ಲವಂತೆ. ನಿಮ್ಮವರೇ ಒಂದು ಸಲ ಪೂರ್ತಿ ನಡೆದು ಸರಿಮಾಡಿ ಕೊಡುತ್ತಾರಾ ಅಂತ ಕೇಳಿದಳು. ಪೂರ್ತಿ ನಡೆದು ಅಂತ ಅವಳು ಹೇಳಿದ್ದು ಸಹಜವಾಗಿ. ನನಗೆ ಮಾತ್ರ ಚುರುಕ್ಕೆಂದಿತು. ಕೇಳಿ ಹೇಳುತ್ತೇನೆ ಅಂದೆ. ನಿಮ್ಮ ಮರ್ಯಾದೆ ತೆಗೆಯಲಿಲ್ಲ, ಗಾಬರಿಯಾಗಬೇಡಿ. ಬೆಂಚಿನ ವಿಷಯ ಇಸ್ತ್ರಿ ಅಕ್ಕನಿಗೂ ಹೇಳಿಲ್ಲ, ಮಗಳಿಗೂ ಹೇಳುವುದಿಲ್ಲ. ಅದು ನಮ್ಮಿಬ್ಬರ ಮಧ್ಯೆ ಇರಲಿ.

ಈಗ ನಿಮ್ಮ ಕಾಗದಕ್ಕೆ ಉತ್ತರ. ನಾನು ಆ ಮನೆಗೆ ಬರುವುದಿಲ್ಲ. ಕೆಳಗಿನ ಮನೆ, ಮುಚ್ಚಿದ ಕಿಟಕಿ, ನನಗೆ ಬಂದ ಫೋನಿಗೆ ನಿಮ್ಮ ಉತ್ತರ, ಇವೆಲ್ಲ ನನಗೆ ಸಾಕಾಗಿದೆ. ಈ ಕೋಣೆ ಚಿಕ್ಕದು, ಹಬೆಯ ಕೆಲಸ ಕಷ್ಟದ್ದು, ಒಬ್ಬಳೇ ಉಣ್ಣುವಾಗ ಕೆಲವು ಸಲ ಅನ್ನ ಇಳಿಯುವುದಿಲ್ಲ. ಆದರೂ ಬಿಡುವುದಿಲ್ಲ. ಮಗಳ ಮನೆಗೆ ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ, ಕಿಟಕಿಯ ಪಕ್ಕ ಕೂತೇ ಹೋಗುತ್ತೇನೆ. ಜನ ಕೇಳಿದರೆ ಹೆಂಡತಿ ಮೇಲಿನ ಮಹಡಿಗೆ ಹೋಗಿದ್ದಾಳೆ ಅಂತ ಹೇಳಿ.

ನಿಮಗೆ ನಾನು ಬೇಕಾಗಿದ್ದರೆ, ಅಡುಗೆಮನೆಗೆ ಬೇಕಾಗಿರುವುದಲ್ಲ, ನಿಮಗೇ ಬೇಕಾಗಿದ್ದರೆ, ಬರುವ ಭಾನುವಾರ ಬೆಳಿಗ್ಗೆ ಆ ಒಂಟಿ ಮರದ ಹತ್ತಿರ ಬನ್ನಿ. ಫ್ಲಾಸ್ಕು ಈ ಸಲ ನೀವು ತುಂಬಿಕೊಂಡು ಬರಬೇಕು. ಟೀ ಹೇಗೆ ಮಾಡುವುದು ಅಂತ ಗೊತ್ತಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ನಿಮ್ಮ ಬಲ್ಬು ಹಾಕಿಕೊಟ್ಟವರು ಅಷ್ಟು ಹೇಳಿಕೊಡುತ್ತಾರೆ. ಬೆಂಚಿನವರೆಗೆ ನೀವು ದಾರಿ ತೋರಿಸಿ, ಅದು ನಿಮಗೆ ಬಾಯಿಪಾಠ. ಅಲ್ಲಿಂದ ಮುಂದೆ ನಾನು. ಕೊಳ್ಳದ ಕಡೆ ನಾನು ನಡೆಯುತ್ತೇನೆ, ನೀವು ಮರಗಳ ಕಡೆ. ಎಷ್ಟು ಗಟ್ಟಿಯಾಗಿ ಬೇಕಾದರೂ ಕೈ ಹಿಡಿದುಕೊಳ್ಳಿ, ಬೆರಳು ನೋಯುತ್ತದೆ ಅಂತ ಹೇಳುವುದಿಲ್ಲ. ಬರದಿದ್ದರೂ ನಾನು ಹೋಗುತ್ತೇನೆ. ಕಲ್ಲಿನ ಮೇಲೆ ಕೂತು ಕಾಯುವುದನ್ನು ಮಾತ್ರ ಇನ್ನು ಮಾಡುವುದಿಲ್ಲ.

ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ಬೆಂಚಿನ ಆಚೆಯ ದಾರಿ, ನಾನು ಕಂಡ ಹಾಗೆ ಬರೆದದ್ದು. ಗೆರೆ ಸೊಟ್ಟ, ತೊರೆ ಹಾವಿನ ಹಾಗಾಗಿದೆ, ನೋಟದ ಬಂಡೆ ಬನ್ನಿನ ಹಾಗಿದೆ. ನೀವು ನಗುತ್ತೀರಿ. ನಗಿ, ಆದರೆ ಅದು ಸರಿಯಾಗಿದೆ. ಮೂಲೆಯಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಉತ್ತರದ ಬಾಣ ನೀವು ಹಾಕಬೇಕು, ನಡೆದು ಬಂದ ಮೇಲೆ.

ಇಂತಿ,
ನಾಲ್ಕನೇ ಮಹಡಿಯವಳು

ಕಾಗದ ಅಂಟಿಸುವ ಮೊದಲು ಇದೊಂದು: ನೋಟದ ಬಂಡೆಯ ಮೇಲೆ ನನಗೆ ತಲೆ ತಿರುಗಿತು. ಮೇಲೆ ಇಲ್ಲ ಅಂತ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ, ಆ ಸಾಲು ಬರೆಯುವಾಗ ಬಹಳ ಚೆನ್ನಾಗಿತ್ತು. ಕೆಂಪು ಗೋಡೆ, ನೀರು, ಹದ್ದು ಎಲ್ಲ ಒಟ್ಟಿಗೆ ಸುತ್ತಿದವು. ಬೈಯುತ್ತಿದ್ದವಳು ಅಲ್ಲೇ ಕುಸಿದು ಕೂತೆ. ಎರಡೂ ಅಂಗೈಯನ್ನು ಬಂಡೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚದೆ ಕೂತಿದ್ದೆ. ಸ್ವಲ್ಪ ಹೊತ್ತು ತಿರುಗಿತು, ಆಮೇಲೆ ನಿಂತಿತು. ಎದ್ದು ನಡೆದೆ. ತಿರುಗುವುದು ನಿಲ್ಲುತ್ತದೆ ರೀ. ನಮ್ಮಿಬ್ಬರಿಗೂ ಇದನ್ನು ಯಾರೂ ಹೇಳಿರಲಿಲ್ಲ.